ಬಿಳಿ ಇಟ್ಟಿಗೆ ಸಾಲದ ರಾಕೆಟ್ಟು

ಬಿಳಿ ಇಟ್ಟಿಗೆ ಸಾಲಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆಮೇಲೆ ಯಾರು ಕೇಳಿದರೂ ನಾನು ಕೊಟ್ಟ ನೆಪ ಇದೇ. ಅರ್ಧ ಖರೆ, ಅರ್ಧ ಸುಳ್ಳು. ಡಬ್ಬಿಯಲ್ಲಿ ಕೆಂಪು ಇಟ್ಟಿಗೆ ಬೇಕಾದಷ್ಟಿದ್ದವು. ಅದರಲ್ಲೊಂದನ್ನು ಹಚ್ಚಲು ನನಗೆ ಮನಸ್ಸಿರಲಿಲ್ಲ, ಅಷ್ಟೇ.

ಆಗ ನಾನು ಏಳನೆಯ ತರಗತಿಯಲ್ಲಿದ್ದೆ. ನಮ್ಮದು ಔರಾದ್ ತಾಲ್ಲೂಕಿನ ಒಂದು ಹಳ್ಳಿ. ಅಜ್ಜನ ಅಜ್ಜನ ಕಾಲದಿಂದಲೂ ಕುರಿ ಸಾಕಿದ ಮನೆತನ, ಜೊತೆಗೆ ಮಳೆ ಬಂದರೆ ಮಾತ್ರ ಬೆಳೆಯುವ ಒಂದಿಷ್ಟು ಹೊಲ. ಎರಡನೆಯ ವರ್ಷವೂ ಮಳೆ ಕೈಕೊಟ್ಟಾಗ ಊರಿನ ಅರ್ಧ ಬಾಗಿಲುಗಳಿಗೆ ಬೀಗ ಬಿತ್ತು. ಕೆಲವರು ಹೈದರಾಬಾದಿಗೆ ಹೋದರು, ಕೆಲವರು ಪುಣೆಗೆ. ನಮ್ಮ ಅಪ್ಪ ಅವ್ವ ಹಿಂಡು ಹೊಡೆದುಕೊಂಡು ಬೀದರಿನ ಕಡೆ ಹೊರಟರು. ನನ್ನನ್ನು ಬಿಡುವುದಕ್ಕೆಂದೇ ಭಾಲ್ಕಿಯ ಮೇಲೆ ಸುತ್ತುಹಾಕಿಕೊಂಡು ಹೋದರು. ಭಾಲ್ಕಿಯಲ್ಲಿ ಅವ್ವನ ಅಣ್ಣ, ನಮ್ಮ ಮಾಮಾ, ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ.

"ನಾನೂ ಬರ್ತೇನಿ" ಎಂದು ನಾನು ಭಾಲ್ಕಿಯ ಹೊರಗಿನ ರಸ್ತೆಯವರೆಗೂ ಹಿಂಡಿನ ಹಿಂದೆ ಓಡಿದೆ. ಅಪ್ಪ ನನ್ನ ರಟ್ಟೆ ಹಿಡಿದು ವಾಪಸ್ ತಿರುಗಿಸಿದ.

"ಸಾಲಿ ತಪ್ಪಿಸಬ್ಯಾಡ. ಹಿಂಡೇನ್ ಓಡಿ ಹೋಗ್ತದೇನು? ರಜಾ ಬರಲಿ, ನಾನೇ ಬಂದು ಕರಕೊಂಡು ಹೋಗ್ತೇನಿ."

ನನಗೆ ಬೇಕಾಗಿದ್ದದ್ದು ಅದೊಂದೇ, ಹಿಂಡಿನ ಜೊತೆ ಇರುವುದು. ಶಾಲೆಯೂ ಬೇಡ, ಭಾಲ್ಕಿಯೂ ಬೇಡ, ಅಲ್ಲಿಯ ಫ್ಯಾನಿನ ಗಾಳಿಯೂ ಬೇಡ. ಹುಟ್ಟಿದಾಗಿನಿಂದ ನಾನು ಒಂದು ಕಡೆ ಹದಿನೈದು ದಿನ ನೆಟ್ಟಗೆ ನಿಂತವಳಲ್ಲ. ಮಾಮಾನ ಎರಡು ಕೋಣೆಯ ಮನೆಯಲ್ಲಿ ಬಾಗಿಲಿನಿಂದ ಹಿತ್ತಿಲಿಗೆ, ಹಿತ್ತಿಲಿನಿಂದ ಬಾಗಿಲಿಗೆ ಓಡಾಡುತ್ತಿದ್ದೆ. ಮಾಮಾನ ಹೆಂಡತಿ, ನಮ್ಮ ಅತ್ತೆಗೆ, ನೋಡಿ ನೋಡಿ ತಲೆ ಕೆಟ್ಟುಹೋಗುತ್ತಿತ್ತು.

"ಕುಂತಲ್ಲಿ ಕುಂದ್ರಂಗಿಲ್ಲ, ನಿಂತಲ್ಲಿ ನಿಂದ್ರಂಗಿಲ್ಲ. ಕಾಲಾಗ ಗಾಲಿ ಹಚ್ಚಿಕೊಂಡು ಬಂದೀ ಏನ್ ಹುಡುಗಿ? ಜರಾ ಸುಮ್ಮ ಕೂಡು."

ಸುಮ್ಮನೆ ಕೂಡಿಸಿದ್ದು ಆ ಡಬ್ಬಿ. ಮಾಮಾನ ಮಗಳಿಗೆ, ನನಗಿಂತ ಎರಡು ವರ್ಷ ಸಣ್ಣವಳು, ಹೈದರಾಬಾದಿನಿಂದ ತಂದುಕೊಟ್ಟದ್ದು. ಒಳಗೆ ಪ್ಲಾಸ್ಟಿಕ್ಕಿನ ಜೋಡಿಸುವ ಇಟ್ಟಿಗೆಗಳು. ಬೆರಳಿನ ಉಗುರಿನಷ್ಟು ಸಣ್ಣವೂ ಇದ್ದವು, ಬೆಂಕಿಪೊಟ್ಟಣದಷ್ಟು ದೊಡ್ಡವೂ ಇದ್ದವು. ಮೇಲೆ ಉಬ್ಬಿದ ಗುಬುಟು, ಕೆಳಗೆ ಅದು ಕೂರುವ ಸಂದು. ಒತ್ತಿದರೆ ಟಕ್ಕೆಂದು ಹಿಡಿದುಕೊಳ್ಳುತ್ತಿದ್ದವು. ಡಬ್ಬಿಯ ಮುಂದೆ ಮನೆಯ ಚಿತ್ರ, ಕೋಟೆಯ ಚಿತ್ರ. ಹಿಂದೆ ಮೂಲೆಯಲ್ಲಿ ಚೂಪು ಮೂಗಿನ ಒಂದು ರಾಕೆಟ್ಟು, ಅದರ ಸುತ್ತ ಕಪ್ಪು ಆಕಾಶ.

ಮನೆ ಯಾರಿಗೆ ಬೇಕಾಗಿತ್ತು? ನಾನು ಡಬ್ಬಿಯನ್ನು ತಿರುವಿ ಹಾಕಿ ರಾಕೆಟ್ಟು ಕಟ್ಟಲು ಕುಳಿತೆ.

ಅವಳದೊಂದು ಷರತ್ತು. "ಸಂಜೀಕ ಎಲ್ಲಾ ಬಿಚ್ಚಿ ಡಬ್ಬ್ಯಾಗ ಹಾಕಬೇಕು ನೋಡಕ್ಕ. ಬರಾಬರ್ ಎಣಿಸಿ ತಗೋತೇನಿ. ಒಂದ್ ಕಮ್ಮಿ ಬಂದ್ರ ಮತ್ತ ಮುಟ್ಟಗೊಡಂಗಿಲ್ಲ."

ಚಿತ್ರದ ರಾಕೆಟ್ಟು ಎರಡೇ ದಿನಕ್ಕೆ ಬೇಸರ ಬಂತು. ನೋಡಲು ಚೆಂದ, ಆದರೆ ಅದರಲ್ಲಿ ಹೋದವರು ಏನು ತಿನ್ನುತ್ತಾರೆ? ನೀರು ಎಲ್ಲಿಡುತ್ತಾರೆ? ಹೋದಲ್ಲಿ ಏನು ಮಾಡುತ್ತಾರೆ, ಸುಮ್ಮನೆ ನೋಡಿ ಬರುತ್ತಾರೋ? ಹಾಗೆ ಹೋಗಿ ಬರುವವರು ನನಗೆ ಊಟಕ್ಕೆ ಕರೆದರೆ ಬಂದು ಹೋಗುವ ನೆಂಟರಂತೆ ಕಂಡರು. ದೂರ ಹೋಗುವುದು ಅಂದರೆ ಏನೆಂದು ನನಗೆ ಗೊತ್ತಿತ್ತು. ದೂರ ಹೋಗುವುದು ಅಂದರೆ ಕಂಬಳಿ, ಕೊಡ, ಹಂಚು, ಕೂಸು, ನಾಯಿ, ಹಿಂಡು. ನಾಲ್ಕು ದಿನ ಒಂದು ಹೊಲ, ಮತ್ತೆ ಗಂಟು ಕಟ್ಟು, ಮತ್ತೊಂದು ಹೊಲ.

ಹಾಗಾಗಿ ನನ್ನ ರಾಕೆಟ್ಟಿಗೆ ಹೊಟ್ಟೆ ದೊಡ್ಡದಾಯಿತು. ನಡುವೆ ಉದ್ದಕ್ಕೆ ಕುರಿಗಳ ಜಾಗ, ಸುತ್ತ, ರಾತ್ರಿ ಕುರಿ ಕೂಡಲು ಬಲೆ ಕಟ್ಟಿದಂತೆ, ಒಂದೇ ವರಸೆಯ ಕೆಂಪು ಗೋಡೆ. ಎಡಕ್ಕೆ ನೀರಿನ ಟ್ಯಾಂಕಿ. ಮುಂದೆ ನಡೆಸುವವರ ಕೋಣೆ, ಅದಕ್ಕೆ ನೀಲಿ ಚಾವಣಿ, ಯಾಕೆಂದರೆ ಚಿತ್ರದಲ್ಲಿ ಇತ್ತು. ಹಿಂದೆ ಬೂದು ಬಣ್ಣದ ಮೂರು ಎಂಜಿನ್ನು. ಕೆಳಗೆ ಗಾಲಿ ಅಲ್ಲ, ಆರು ಕಾಲು. ಕಲ್ಲಿನ ನೆಲದ ಮೇಲೆ ಗಾಲಿ ಏನು ಮಾಡೀತು? ಮತ್ತು ಇಡೀ ರಾಕೆಟ್ಟು ಐದು ತುಂಡಾಗಿ ಬಿಚ್ಚುತ್ತಿತ್ತು. ದಿನಾ ಸಂಜೆ ಕೆಡವಬೇಕಲ್ಲ, ನಮ್ಮ ಅವ್ವ ಬಿಡಾರ ಬಿಚ್ಚುವ ಹಾಗೆ, ಕೊನೆಗೆ ಕಟ್ಟಿದ್ದನ್ನು ಮೊದಲು ಬಿಚ್ಚಬೇಕು. ಬೆಳಿಗ್ಗೆ ಹಲ್ಲುಜ್ಜುವುದರೊಳಗೆ ಮತ್ತೆ ನಿಲ್ಲಿಸುತ್ತಿದ್ದೆ.

ಕುರಿಗಳು ಬಿಳಿ ಇಟ್ಟಿಗೆ. ಎರಡೆರಡು ಗುಬುಟಿನ ಸಣ್ಣವು. ಇಲ್ಲಿ ನಮ್ಮ ಮಂದಿಯ ಒಂದು ರೂಢಿ ಹೇಳಬೇಕು. ನಮ್ಮಲ್ಲಿ ಕುರಿಯನ್ನು ಬೆರಳು ಮಾಡಿ ಎಣಿಸುವುದಿಲ್ಲ. ಎಣಿಸಿದರೆ ಹಿಂಡು ಕರಗುತ್ತದೆ ಎಂಬ ಅಂಜಿಕೆ. ಸಂಜೆ ಒಂದೊಂದಾಗಿ ಬಲೆಯೊಳಗೆ ಹೋಗುವಾಗ ಅಪ್ಪ ಬಲೆಯ ಬಾಯಲ್ಲಿ ನಿಂತು ಒಂದೊಂದರ ಮುಖ ನೋಡುತ್ತಿದ್ದ. ಎಲ್ಲ ಒಳಗಾದ ಮೇಲೆ "ಕರಿಮೂಗಿ ಬಂದಿಲ್ಲ, ನೋಡಿಕೊಂಡು ಬಾ" ಅನ್ನುತ್ತಿದ್ದ. ತಪ್ಪಿದ್ದನ್ನು ನಾನು ನೋಡಿಲ್ಲ. ನಮ್ಮ ಹಿಂಡಿನಲ್ಲಿ ಎಷ್ಟು ಕುರಿ ಇದ್ದವು ಎಂದು ಇವತ್ತು ಕೇಳಿದರೂ ಗೊತ್ತಿಲ್ಲ. ಮುಖ ಕೇಳಿ, ಹೇಳುತ್ತೇನೆ.

ಹಾಗೇ ಇಟ್ಟಿಗೆ ಇಡುತ್ತಾ ಹೋದೆ. ಮುಂದೆ ದೊಡ್ಡ ಟಗರು, ಹಿಂದೆ ಕರಿಮೂಗಿ, ಅವಳಿ ಹಾಕಿದ್ದು, ಕಿವಿ ಹರಿದದ್ದು, ಎಲ್ಲ ಅವು ಬಲೆಗೆ ಬರುವ ಸಾಲಿನಲ್ಲೇ. ಎಲ್ಲಕ್ಕೂ ಹಿಂದೆ ಬರುವುದು ಕುಂಟಿ. ಅದರ ಎಡ ಮುಂಗಾಲು ಮರಿಯಿದ್ದಾಗಲೇ ಮುರಿದು ಸೊಟ್ಟಗೆ ಕೂಡಿಕೊಂಡಿತ್ತು. ಕುಂಟಿಯ ಹೊತ್ತಿಗೆ ಬಿಳಿ ಮುಗಿದಿತ್ತು. ಕೆಂಪು ಇಟ್ಟಿಗೆಯೊಂದು ಕೈಗೆ ಬಂತು. ಕೆಳಗಿಟ್ಟೆ. ಅದಕ್ಕಾಗಿ ಎಷ್ಟು ಸಲ ಹಿಂಡು ನಿಂತಿರಲಿಲ್ಲ! ಎಷ್ಟು ಸಲ ಅಪ್ಪ ಅದನ್ನು ಹೆಗಲ ಮೇಲೆ ಹೊತ್ತಿರಲಿಲ್ಲ! ಹೋಗಲಿ ಬಿಡು, ಆಕಾಶಕ್ಕೆ ಹೋಗುವಾಗಲೂ ಇದರ ದಾರಿ ಕಾಯುತ್ತಾ ಕೂರುವುದಾ ಅಂದುಕೊಂಡೆ. ಹನ್ನೆರಡು ವರ್ಷದ ನನಗೆ ಅಷ್ಟು ಅವಸರ.

ಸಂಜೆ ಮಾಮಾನ ಮಗಳು ಇಟ್ಟಿಗೆ ಎಣಿಸಲು ಕೂರುತ್ತಿದ್ದಳು. ಬಿಳಿಯವನ್ನೆಲ್ಲ ಸಾಲಾಗಿ ನಿಲ್ಲಿಸಿ, ಒಂದೊಂದರ ತಲೆಯ ಮೇಲೆ ಬೆರಳಿಟ್ಟು, ಗಟ್ಟಿಯಾಗಿ ಒಂದು, ಎರಡು, ಮೂರು. ಕರಿಮೂಗಿಯ ತಲೆಯ ಮೇಲೆ ಬೆರಳು! ಬೇಡ ಅನ್ನಬೇಕು ಅನ್ನಿಸುತ್ತಿತ್ತು. ಹಾಗೆ ಅಂದರೆ ಡಬ್ಬಿ ಹೋಯಿತು. ಬಾಯಿ ಮುಚ್ಚಿಕೊಂಡು ಹಿತ್ತಿಲಿಗೆ ಹೋಗಿಬಿಡುತ್ತಿದ್ದೆ.

ಅಪ್ಪ ಹದಿನೈದು ದಿನಕ್ಕೊಮ್ಮೆ ಪಕ್ಕದ ಅಂಗಡಿಗೆ ಫೋನು ಮಾಡುತ್ತಿದ್ದ. "ಮನ್ನಳ್ಳಿ ಹಂತೇಲಿ ಇದ್ದೀವಿ." ಮುಂದಿನ ಸಲ, "ಬಗದಲ್ ಕಡಿಗಿ ಬಂದೀವಿ. ಬೀದರಿನ ಗಾಂಧಿ ಗಂಜ್ ಬಾಜಾರದಾಗಿಂದ ಹೊಟ್ಟು ತಂದು ಹಾಕ್ಲಾಕತ್ತೀವಿ, ಫಿಕರ್ ಮಾಡಬ್ಯಾಡ." ಕರಿಮೂಗಿ ಮರಿ ಹಾಕಿತೇ ಎಂದು ಕೇಳಿದರೆ ಒಂದು ಕ್ಷಣ ತಡೆದು "ಹಾಕ್ಯದ" ಅಂದ. ಹಿಂದೆ ಲಾರಿ ಹಾರ್ನು ಒಂದೇ ಸಮನೆ ಕೇಳುತ್ತಿತ್ತು. ಬಗದಲ್ ಹೊಲದಲ್ಲಿ ಇಷ್ಟು ಲಾರಿ ಎಲ್ಲಿಂದ ಬಂದವು ಎಂದು ಆಗಲೇ ಯೋಚಿಸಬೇಕಿತ್ತು. ದೀಪಾವಳಿ ರಜೆ ಬಂದು ಹೋಯಿತು. ಅಪ್ಪ ಬರಲಿಲ್ಲ.

ಅಷ್ಟರಲ್ಲಿ ಶಾಲೆಯಲ್ಲಿ ವಿಜ್ಞಾನ ಪ್ರದರ್ಶನದ ಸುದ್ದಿ ಬಂತು. ಭಾಲ್ಕಿಯಲ್ಲಿ ಆರಿಸಿದವರನ್ನು ಬೀದರಿಗೆ ಕರೆದೊಯ್ಯುತ್ತಾರಂತೆ, ಒಂದು ಇಡೀ ದಿನ. ಬೀದರು! ಅಲ್ಲಿಂದ ಬಗದಲ್ ಎಷ್ಟು ದೂರ? ನಡೆದರೂ ಆದೀತು. ಮರುದಿನ ವಿಜ್ಞಾನದ ಮೇಡಂ ಮುಂದೆ ನನ್ನ ರಾಕೆಟ್ಟು ಇಟ್ಟೆ.

"ಇದು ಎಲ್ಲಿಗಿ ಹೋಗ್ತದವ್ವಾ?"

"ಏನೂ ಬೆಳೀಲಾರದ ಗ್ರಹಕ್ಕ ಹೋಗ್ತದರಿ. ಅಲ್ಲಿ ನಾಕ್ ದಿನ ಹಿಂಡು ಕೂಡಸ್ತೀವ್ರಿ. ಹಿಕ್ಕಿ ಬಿದ್ದು ನೆಲ ಹದಾ ಆಗ್ತದರಿ. ಆಮ್ಯಾಲ ಅಲ್ಲಿ ಜ್ವಾಳ ಬೆಳೀತದ, ಆ ಗ್ರಹದವ್ರು ನಮಗ ಜ್ವಾಳ ಕೊಡ್ತಾರ್ರಿ. ಮತ್ತ ಮುಂದಿನ ಗ್ರಹಕ್ಕ ಹೋಗೂದ್ರಿ."

ಮೇಡಂ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಆಮೇಲೆ ನಗು ನಿಲ್ಲಿಸಿ, ಕನ್ನಡಕ ಏರಿಸಿ, ರಾಕೆಟ್ಟಿನ ಸುತ್ತ ಒಂದು ಸುತ್ತು ಬಂದರು. "ಎಷ್ಟ್ ಕುರಿ ಅವ ಇದ್ರಾಗ?"

"ಎಣಸಂಗಿಲ್ರಿ ಮೇಡಂ. ಹೆಸರ ಹೇಳ್ಲೇನ್ರಿ?"

ಭಾಲ್ಕಿಯ ಪ್ರದರ್ಶನಕ್ಕೆ ಬೇರೆ ಮಕ್ಕಳು ಜ್ವಾಲಾಮುಖಿಯ ಮಾದರಿ ತಂದಿದ್ದರು, ಒಂದಲ್ಲ, ಆರು. ಬಹುಶಃ ಅದರಿಂದಲೇ ನನ್ನನ್ನು ಆರಿಸಿದರು. ಡಬ್ಬಿ ಬೀದರಿಗೆ ಒಯ್ಯಲು ಮಾಮಾನ ಮಗಳು ಒಂದು ತಿಂಗಳು ತನ್ನ ಜಡೆ ಹೆಣೆಯಬೇಕು ಅಂದಳು. ವರ್ಷವಿಡೀ ಹೆಣೆಯುತ್ತೇನೆ ಅಂದೆ. ಹೆಣೆಯಲು ನಾನು ಇರುವುದೇ ಇಲ್ಲವಲ್ಲ! ಪ್ರದರ್ಶನ ಮುಗಿಯುವುದರೊಳಗೆ ತಪ್ಪಿಸಿಕೊಂಡು ಹಿಂಡು ಸೇರುವುದು, ಡಬ್ಬಿಯನ್ನು ಮೇಡಂ ಕೈಯಲ್ಲಿ ಕಳಿಸುವುದು, ಇದು ನನ್ನ ಲೆಕ್ಕಾಚಾರ. ಚೀಲದ ತಳದಲ್ಲಿ ಒಂದು ಜೊತೆ ಬಟ್ಟೆ, ನಾಲ್ಕು ರೊಟ್ಟಿ, ಶೇಂಗಾ ಚಟ್ನಿ ಅಡಗಿಸಿಟ್ಟೆ. ಬಸ್ಸಿನಲ್ಲಿ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕಾಲು ಕುಣಿಸುತ್ತಲೇ ಇದ್ದೆ. ಮೇಡಂ ಎರಡು ಸಲ ನನ್ನ ಮೊಣಕಾಲು ಹಿಡಿದು ನಿಲ್ಲಿಸಿದರು.

ಬೀದರಿನಲ್ಲಿ ಇಳಿದಾಗ ಇನ್ನೂ ಬೆಳಗಿನ ಎಂಟು ಗಂಟೆ. ಪ್ರದರ್ಶನ ಹನ್ನೊಂದಕ್ಕೆ. ಹಿಂಡು ಈಗ ಎಲ್ಲಿದೆಯೋ ಗೊತ್ತಿಲ್ಲದೆ ಬಗದಲ್ ತನಕ ಹೋಗಿ ಏನು ಮಾಡಲಿ? ಮೇಡಂ ಕಾಲಿಗೆ ಬೀಳುವುದೊಂದು ಬಾಕಿ, ಹಾಗೆ ಬೇಡಿಕೊಂಡೆ.

"ಮೇಡಂ, ನಮ್ಮಪ್ಪ ಗಾಂಧಿ ಗಂಜಿಗಿ ಹೊಟ್ಟು ಒಯ್ಲಿಕ್ಕ ಬರ್ತಾನ್ರಿ. ಅಲ್ಲಿ ಯಾರನ್ನರ ಕೇಳಿದ್ರ ಹಿಂಡು ಎಲ್ಲದ ಅಂತ ಹೇಳ್ತಾರ್ರಿ. ಒಂದೇ ಮಾತು ಕೇಳಿ ಬರಮ್ರಿ."

ಅವರು ಗಡಿಯಾರ ನೋಡಿ, ನನ್ನ ಮುಖ ನೋಡಿ, ಆಟೋ ಹತ್ತಿದರು.

ಗಂಜಿನಲ್ಲಿ ಆ ವರ್ಷ ಚೀಲ ಕಡಿಮೆ, ಹಮಾಲರು ಜಾಸ್ತಿ. ಅಂಗಡಿಗಳ ಮುಂದೆ ಕೈಗಾಡಿಗಳ ಮೇಲೆ ಜನ ಕೆಲಸ ಕಾಯುತ್ತಾ ಕುಳಿತಿದ್ದರು. ಹೊರಗಿನಿಂದ ಬಂದ ಒಂದು ಲಾರಿಯಿಂದ ತೊಗರಿ ಇಳಿಯುತ್ತಿತ್ತು. ಲಾರಿಗಳ ಹಾರ್ನು ಒಂದೇ ಸಮನೆ. ಆ ಸದ್ದು ನನ್ನ ಕಿವಿಗೆ ಹೊಸದಲ್ಲ ಅನ್ನಿಸಿತು, ಆದರೆ ಎಲ್ಲಿ ಕೇಳಿದ್ದೆಂದು ಹೊಳೆಯಲಿಲ್ಲ. ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದ ಮುನೀಮರನ್ನು ಕೇಳಿದೆ.

"ಔರಾದ ಕಡಿಂದ ಬಂದ ಕುರಿಯವ್ರು ಹೊಟ್ಟು ಒಯ್ಲಿಕ್ಕ ಬರ್ತಾರಲ್ರಿ, ಅವ್ರು ಈಗ ಎಲ್ಲದಾರ್ರಿ?"

ಅವರು ಪೆನ್ನಿನಿಂದ ಲಾರಿಯ ಕಡೆ ತೋರಿಸಿದರು. "ಕುರಿಯವ ಅಂದ್ರ ನಮ್ಮಲ್ಲಿ ಒಬ್ಬಾವೇ. ಅಗೋ."

ಹಲಗೆಯ ಮೇಲಿಂದ ಒಬ್ಬ ಮನುಷ್ಯ ಬೆನ್ನಿನ ಮೇಲೆ ಚೀಲ ಹೊತ್ತು ಇಳಿಯುತ್ತಿದ್ದ. ಮುಖ ಚೀಲದ ಕೆಳಗೆ. ಆದರೆ ಕಾಲು ಕಾಣುತ್ತಿದ್ದವು. ಹಿಂಡಿನ ಮುಂದೆ ಆ ಕಾಲು ನೋಡುತ್ತಲೇ ನಾನು ನಡೆಯಲು ಕಲಿತಿದ್ದೆ.

"ಅಪ್ಪಾ!"

ಅಪ್ಪ ಚೀಲ ಇಳಿಸಿ, ಚೀಲ ಎಳೆಯುವ ಕೊಕ್ಕೆ ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತ. ತಲೆಗೆ ಪಟಕ ಇರಲಿಲ್ಲ, ಗೋಣಿಯ ತುಂಡು ಇತ್ತು. ನನ್ನನ್ನು ನೋಡಿ ಮೊದಲು ನಕ್ಕ, ಆಮೇಲೆ ಮುಖ ಮುದುಡಿಕೊಂಡ.

"ನೀ ಹ್ಯಾಂಗ ಬಂದ್ಯವ್ವಾ ಇಲ್ಲಿಗಿ?"

"ಹಿಂಡು ಎಲ್ಲದ?"

"ಮಾರಿದೆ." ತಲೆಯ ಗೋಣಿಯಿಂದ ಮುಖ ಒರೆಸಿಕೊಂಡು, "ಮೇವಿಲ್ಲ, ನೀರಿಲ್ಲ. ಕಣ್ಣ ಮುಂದ ಒಂದೊಂದೇ ಬೀಳ್ಲಾಕತ್ತಿದ್ದವು. ಉಳಿದವಾದ್ರೂ ಬದುಕಲಿ ಅಂತ ಕೊಟ್ಟೆ. ದೀಪಾವಳಿಕಿಂತ ಮೊದಲೇ."

"ಮತ್ತ ಫೋನಿನಾಗ ಕರಿಮೂಗಿ ಮರಿ ಹಾಕ್ಯದ ಅಂದಿ!"

"ಏನ್ ಹೇಳ್ಲಿ? ಖರೇ ಹೇಳಿದ್ರ ಸಾಲಿ ಬಿಟ್ಟು ಓಡಿ ಬರ್ತಿದ್ದಿ."

ನನಗೆ ಬಂದದ್ದು ಅಳು ಅಲ್ಲ, ಸಿಟ್ಟು. ಇಡೀ ಗಂಜು ತಿರುಗಿ ನೋಡುವ ಹಾಗೆ ಕಿರುಚಿದೆ. ಹಿಂಡು ಎಲ್ಲಿಗೂ ಹೋಗುವುದಿಲ್ಲ ಅಂದವನು ಯಾರು? ಕರೆದುಕೊಂಡು ಹೋಗುತ್ತೇನೆ ಅಂದವನು ಯಾರು? ಮೇಡಂ ಭುಜ ಹಿಡಿದರೆ ಕೊಸರಿಕೊಂಡೆ. ನಡುವೆಯೇ ಇನ್ನೊಂದು ಮಾತು ತಾನಾಗಿ ಬಾಯಿಗೆ ಬಂತು.

"ಎಣಿಸಿದ್ಲು! ದಿನಾ ಎಣಿಸಿದ್ಲು, ಅದಕ್ಕೇ ಹೋದವು! ನಾ ಸುಮ್ಮ ಕುಂತೆ!"

"ಯಾರು? ಏನ್ ಎಣಿಸಿದ್ಲು?" ಅಪ್ಪನಿಗೆ ತಲೆಬುಡ ತಿಳಿಯಲಿಲ್ಲ. ಡಬ್ಬಿ ತೆರೆದು ಬಿಳಿ ಇಟ್ಟಿಗೆ ತೋರಿಸಿದೆ. ಇದು ಟಗರು, ಇದು ಕರಿಮೂಗಿ, ಇದು ಕಿವಿ ಹರಿದದ್ದು. ಮಾಮಾನ ಮಗಳು ದಿನಾ ಸಂಜೆ ಇವುಗಳ ತಲೆಯ ಮೇಲೆ ಬೆರಳಿಟ್ಟು ಎಣಿಸಿದಳು. ಅಪ್ಪ ಒಂದೊಂದನ್ನೂ ನೋಡಿದ. ಹುಚ್ಚಿ ಅಂತ ನಗಲಿಲ್ಲ. ಅವನೂ ಕುರಿಯವನೇ ಅಲ್ಲವೇ, ಅವನ ಮುಖದ ಮೇಲೂ ಒಂದು ಗಳಿಗೆ ಆ ಅಂಜಿಕೆ ಸುಳಿಯಿತು. ಆಮೇಲೆ ಕೇಳಿದ.

"ಇದ್ರಾಗ ಕುಂಟಿ ಎಲ್ಲದ?"

"ಬಿಳಿ ಇಟ್ಟಂಗಿ ಸಾಲಲಿಲ್ಲ."

ಅಪ್ಪ ನನ್ನ ಕೈ ಹಿಡಿದು ಗೋದಾಮಿನ ಹಿಂದಕ್ಕೆ ಕರೆದೊಯ್ದ. ಅಲ್ಲಿ ನೆರಳಲ್ಲಿ ನಾಲ್ಕು ಹೆಂಗಸರು ಬೇಳೆ ಹಸನು ಮಾಡುತ್ತಿದ್ದರು, ಅವರಲ್ಲಿ ಒಬ್ಬಳು ನಮ್ಮ ಅವ್ವ. ಅವಳ ಪಕ್ಕದ ಗೂಟಕ್ಕೆ ಉದ್ದ ಹಗ್ಗದಲ್ಲಿ ಕುಂಟಿಯನ್ನು ಕಟ್ಟಿದ್ದರು. ತೊಗರಿ ಹೊಟ್ಟು ತಿಂದು ತಿಂದು ಎಂದೂ ಇಲ್ಲದಷ್ಟು ಮೈ ಕೈ ತುಂಬಿಕೊಂಡು, ಮೆಲುಕು ಹಾಕುತ್ತಾ ನಿಂತಿತ್ತು.

"ಇದನ್ನ ಯಾರೂ ಕೇಳಲಿಲ್ಲ," ಅವ್ವ ನನ್ನ ತಲೆ ಎದೆಗೆ ಒತ್ತಿಕೊಂಡು ಹೇಳಿದಳು. "ಕೇಳಿದ್ರೂ ನಿಮ್ಮಪ್ಪ ಕೊಡ್ತಿದ್ದಿಲ್ಲ ಬಿಡು."

ಆಗ ನನಗೆ ಅಳು ಬಂತು. ನಾನು ರಾಕೆಟ್ಟಿನಲ್ಲಿ ಹತ್ತಿಸಿಕೊಂಡದ್ದೆಲ್ಲ ಎಣಿಕೆಗೆ ಸಿಕ್ಕಿ ಹೋಗಿತ್ತು. ಹತ್ತಿಸಿಕೊಳ್ಳದೆ ಬಿಟ್ಟದ್ದೊಂದೇ ಉಳಿದಿತ್ತು. ಸಂತೋಷ ಪಡಬೇಕೋ ನಾಚಬೇಕೋ ತಿಳಿಯಲಿಲ್ಲ, ನಾಚಿಕೆಯೇ ಜಾಸ್ತಿ ಆಯಿತು. ಬೇಡವೆಂದು ಬಿಟ್ಟವಳು ನಾನು. ಅದಕ್ಕೇನು ಗೊತ್ತು? ಕುಂಟುತ್ತಾ ಬಂದು ನನ್ನ ಚೀಲ ಮೂಸಿ, ಅಡಗಿಸಿಟ್ಟ ರೊಟ್ಟಿಯ ಗಂಟಿಗೆ ಬಾಯಿ ಹಾಕಿತು. ನಾಲ್ಕೂ ತಿನ್ನಿಸಿದೆ.

ಹನ್ನೊಂದಕ್ಕೆ ಮೇಡಂ ನನ್ನನ್ನು ಎಳೆದುಕೊಂಡೇ ಪ್ರದರ್ಶನಕ್ಕೆ ಹೋದರು. ಹೊರಡುವಾಗ ಅಪ್ಪ ಶಾಲೆ ಯಾವುದು ಎಂದು ಕೇಳಿಕೊಂಡ. ದೊಡ್ಡ ಶಾಲೆ, ದೊಡ್ಡ ಹಾಲು, ಮೇಜಿನ ಸಾಲು. ನಾನು ರಾಕೆಟ್ಟು ಕಟ್ಟಿದೆ, ಬಿಳಿ ಇಟ್ಟಿಗೆಗಳನ್ನು ಮಾತ್ರ ಒಳಗಿಡಲಿಲ್ಲ. ಕೂತು ರಾಕೆಟ್ಟಿನ ಬಾಗಿಲನ್ನು ಹತ್ತಿರದಿಂದ ನೋಡಿದೆ. ಆರು ಕಾಲಿನ ರಾಕೆಟ್ಟು, ಬಾಗಿಲು ನೆಲದಿಂದ ಎಷ್ಟು ಮೇಲಿತ್ತು! ಟಗರು ಹಾರಬಹುದು, ಕರಿಮೂಗಿ ಹಾರಬಹುದು. ಮುಂಗಾಲು ಸೊಟ್ಟಗಿದ್ದದ್ದು ಹ್ಯಾಗೆ ಹತ್ತೀತು? ಇಷ್ಟು ದಿನ ಕಟ್ಟಿ ಬಿಚ್ಚಿ ಮಾಡಿದರೂ ಇದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಬಿಳಿ ಇಟ್ಟಿಗೆಗಳನ್ನೆಲ್ಲ, ಡಬ್ಬಿಯಲ್ಲಿ ಉಳಿದಿದ್ದ ಕೆಂಪು ಇಟ್ಟಿಗೆಗಳನ್ನೂ ತೆಗೆದುಕೊಂಡು ಬಾಗಿಲಿನಿಂದ ನೆಲಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಒಂದು ಇಳಿಜಾರು ಜೋಡಿಸಿದೆ. ಒಳಗೆ ಯಾವ ಇಟ್ಟಿಗೆಯನ್ನೂ ನಿಲ್ಲಿಸಲಿಲ್ಲ. ನಿಲ್ಲಿಸಿದರೆ ತಾನೇ ಯಾರಾದರೂ ಬೆರಳಿಡುವುದು?

ಪರೀಕ್ಷಕರು ಬಂದರು, ಬಿಳಿ ಅಂಗಿ, ಕೈಯಲ್ಲಿ ಹಾಳೆ. "ಖಾಲಿ ಅದಲ್ಲಮ್ಮಾ. ಇದ್ರಾಗ ಯಾರ್ ಹೋಗ್ತಾರ?"

"ಹೇಳಂಗಿಲ್ರಿ."

"ಎಷ್ಟ್ ಮಂದಿ ಅನ್ನೋದಾದ್ರೂ ಹೇಳು."

"ಅದನ್ನಂತೂ ಹೇಳಂಗೇ ಇಲ್ರಿ."

ಮೇಡಂ ಹಣೆ ಹಣೆ ಚಚ್ಚಿಕೊಂಡರು. ಪರೀಕ್ಷಕರು ಏನೋ ಗೀಚಿಕೊಂಡು ಮುಂದಿನ ಮೇಜಿಗೆ ಹೋದರು. ಬಹುಮಾನ ಯಾರಿಗೆ ಬಂತೋ ನೆನಪಿಲ್ಲ.

ಮೂರು ಗಂಟೆಯ ಸುಮಾರಿಗೆ ಅಪ್ಪ ಬಂದ. ಕೈಕಾಲು ತೊಳೆದುಕೊಂಡು ಬಂದಿದ್ದ, ಆದರೆ ಹುಬ್ಬಿನಲ್ಲಿ ತೊಗರಿ ಧೂಳು ಹಾಗೇ ಇತ್ತು. ಹಾಲಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದ. ಅಲ್ಲಿ ಬೇರೆ ಯಾರೂ ಬಿಟ್ಟಿರಲಿಲ್ಲ. ನನ್ನ ಮೇಜಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು ಕಣ್ಣನ್ನು ಇಳಿಜಾರಿನ ಮಟ್ಟಕ್ಕೆ ತಂದು ನೋಡಿದ. ಯಾರು ಹೋಗುತ್ತಾರೆ ಎಂದು ಕೇಳಲಿಲ್ಲ.

"ಕುಂಟಿಗಿ ಇದು ಕಡಿದಾಯ್ತು," ಅಂದ. "ಏರಾಗ ಅದರ ಮುಂಗಾಲು ಮಡಚ್ತದ, ನಿನಗ ಗೊತ್ತಿಲ್ಲೇನು? ಇನ್ನಾ ಉದ್ದ ಎಳಿಬೇಕು, ನಿಧಾನ ಏರಬೇಕು."

"ಇಟ್ಟಂಗಿ ಇಲ್ಲಪ್ಪಾ. ಎಲ್ಲಾ ಮುಗದಾವ."

ಅಪ್ಪ ರಾಕೆಟ್ಟಿನ ಸುತ್ತ ಕಣ್ಣಾಡಿಸಿದ. ಹಿಂದಿನ ಬೂದು ಎಂಜಿನ್ನುಗಳ ಮೇಲೆ ಬೆರಳು ಮುಟ್ಟಿಸಿದ. ಅವನು ಯಾವ ಸಿಟ್ಟೂ ಇಲ್ಲದೆ, ಚೀಲ ಎಲ್ಲಿಡಬೇಕೆಂದು ಹೇಳುವ ಹಾಗೆ ಹೇಳಿದ.

"ಇವು ಕಿತ್ತು ಹಚ್ಚು. ಈಗ ಎಲ್ಲಿಗಿ ಹೋಗೂದದ?"

ನನ್ನ ಕೈ ಎಂಜಿನ್ನಿನ ತನಕ ಹೋಯಿತು ಕೂಡ. ಇಲ್ಲ, ಅದನ್ನು ಕೀಳಲು ನನ್ನಿಂದ ಆಗಲಿಲ್ಲ. ಮುಂದಿನ ಕೋಣೆಯ ನೀಲಿ ಚಾವಣಿಯನ್ನು ಎತ್ತಿ ತೆಗೆದು, ಒಂದೊಂದೇ ಇಟ್ಟಿಗೆ ಬಿಚ್ಚಿ ಅಪ್ಪನ ಮುಂದೆ ಸುರಿದೆ.

"ಹಿಂಡಿನ ಜೋಡಿ ಹೋದಾಗ ನಮಗ ತಲಿ ಮ್ಯಾಲ ಮಾಳಿಗಿ ಯಾವಾಗ ಇತ್ತಪ್ಪಾ?"

ಅಪ್ಪ ನನ್ನ ಮುಖವನ್ನು ಬಹಳ ಹೊತ್ತು ನೋಡಿದ, ಬಲೆಯ ಬಾಯಲ್ಲಿ ನಿಂತು ನೋಡುತ್ತಿದ್ದ ಹಾಗೆಯೇ. ಆಮೇಲೆ ನೀಲಿ ಇಟ್ಟಿಗೆಯೊಂದನ್ನು ಎತ್ತಿಕೊಂಡು, ಇಳಿಜಾರಿನ ಕೆಳತುದಿಗೆ ತಾನೇ ಕೂರಿಸಿದ.